ಹೋಗೋದು ಅರ್ಧ, ವಾಪಸ್ ಬರೋದು ಇನ್ನರ್ಧ: ಮಿಕಿ ಥಾಂಪ್ಸನ್ ಕಥೆ

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಶಾಲೆಯಲ್ಲಿ ಮೂರನೇ ಭಾಷೆ. ಎಲ್ಲಾದ್ರೂ ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ಹಾಸ್ಟೆಲ್‌ನಲ್ಲಿ ಫೈನಲ್ ಇಯರ್ ಅಣ್ಣ ಒಬ್ಬರಿದ್ದಾರೆ. ಹೆಸರು ಬೇಡ, ಓದ್ತಿದ್ರೆ ಅವರಿಗೇ ಗೊತ್ತಾಗುತ್ತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಹಳೇ ಕಾರು ತಗೊಂಡು, ಡ್ರ್ಯಾಗ್ ರೇಸ್‌ಗೆ ರೆಡಿ ಮಾಡ್ತಿದ್ದಾರೆ. ಹಿಂದಿನ ಸೀಟು ತೆಗೆದಾಯ್ತು, ಸ್ಟೆಪ್ನಿ ತೆಗೆದಾಯ್ತು, ಸೈಲೆನ್ಸರ್ ಬದಲಾಯ್ತು, ಏರ್ ಫಿಲ್ಟರ್ ಬದಲಾಯ್ತು. ಒಂದು ದಿನ ಸ್ಪ್ಯಾನರ್ ಹಿಡ್ಕೊಂಡು ಸಹಾಯಕ್ಕೆ ಅಂತ ನಿಂತಿದ್ದಾಗ, ಬ್ರೇಕ್ ಕಥೆ ಏನಣ್ಣ ಅಂತ ಕೇಳಿದೆ. ದುಡ್ಡು ಖಾಲಿ, ಬ್ರೇಕ್ ಮುಂದಿನ ತಿಂಗಳು ನೋಡೋಣ ಅಂದ್ರು. ಟೆಸ್ಟ್ ಓಟ ಮಾತ್ರ ಇದೇ ಶನಿವಾರ ರಾತ್ರಿ, ರಿಂಗ್ ರೋಡಲ್ಲಿ ಅಂತೆ.

ಅವತ್ತು ರೂಮಿಗೆ ಬಂದು, ಈ ಡ್ರ್ಯಾಗ್ ರೇಸ್ ಅನ್ನೋದನ್ನ ಶುರು ಮಾಡಿದವರು ಯಾರು, ಅವರು ಹೇಗೆ ಕಾರು ರೆಡಿ ಮಾಡ್ತಿದ್ರು ಅಂತ ಓದೋಕೆ ಕೂತೆ. ಸಿಕ್ಕಿದ್ದು ಮಿಕಿ ಥಾಂಪ್ಸನ್. ಮೆಕ್ಯಾನಿಕಲ್ ಬ್ರಾಂಚಲ್ಲಿ ಕೆಲವರು ಈ ಹೆಸರನ್ನ ಟೈರ್ ಮೇಲೆ ನೋಡಿರಬಹುದು. ಟೈರ್ ಹಿಂದೆ ಇರೋ ಮನುಷ್ಯನ ಕಥೆ ಇದು.

ಪ್ರಿಂಟಿಂಗ್ ಪ್ರೆಸ್‌ನ ಹುಡುಗ

ಪೂರ್ತಿ ಹೆಸರು ಮೇರಿಯನ್ ಲೀ ಥಾಂಪ್ಸನ್ ಜೂನಿಯರ್. ಹುಟ್ಟಿದ್ದು 1928ರ ಡಿಸೆಂಬರ್ 7ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಅಲ್ಹಾಂಬ್ರಾದಲ್ಲಿ. ಲಾಸ್ ಏಂಜಲಿಸ್ ಪಕ್ಕದ ಊರು ಅದು. ಎಲ್ಲರೂ ಕರೀತಿದ್ದಿದ್ದು ಮಿಕಿ ಅಂತ. ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಹೊಟ್ಟೆಪಾಡಿಗೆ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆಯ ಪ್ರೆಸ್‌ನಲ್ಲಿ ಮೆಷಿನ್ ನಡೆಸೋ ಕೆಲಸ ಮಾಡ್ತಿದ್ದ. ಉಳಿದ ಸಮಯ ಎಲ್ಲ ಗ್ಯಾರೇಜ್‌ನಲ್ಲಿ.

ಆ ಊರು, ಆ ಕಾಲ ಕಾರು ಹುಚ್ಚಿಗೆ ಹೇಳಿ ಮಾಡಿಸಿದ ಹಾಗಿತ್ತು. ಎರಡನೇ ಮಹಾಯುದ್ಧ ಮುಗಿದು ಹುಡುಗರು ಸೈನ್ಯದಿಂದ ವಾಪಸ್ ಬಂದಿದ್ರು. ಕೈಯಲ್ಲಿ ಅಷ್ಟೋ ಇಷ್ಟೋ ದುಡ್ಡು, ಇಂಜಿನ್ ಬಿಚ್ಚಿ ಜೋಡಿಸಿದ ಅನುಭವ. 1930ರ ದಶಕದ ಹಳೇ ಫೋರ್ಡ್ ಕಾರುಗಳು ಅಗ್ಗಕ್ಕೆ ಸಿಗ್ತಿದ್ವು. ಅದನ್ನ ತಂದು ಮಡ್‌ಗಾರ್ಡ್ ಬಿಚ್ಚಿ, ಬಂಪರ್ ಬಿಚ್ಚಿ, ತೂಕ ಇಳಿಸೋರು. ಸಿಲಿಂಡರ್ ಹೆಡ್ ಸ್ವಲ್ಪ ಉಜ್ಜಿ ಕಂಪ್ರೆಷನ್ ರೇಶಿಯೋ ಏರಿಸೋರು, ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡು ಮೂರು ಕೂರಿಸೋರು, ಕ್ಯಾಮ್‌ಶಾಫ್ಟ್ ಬದಲಾಯಿಸೋರು. ಇದಕ್ಕೆ ಹಾಟ್ ರಾಡ್ ಅಂತ ಹೆಸರು. ಬೆಳಗ್ಗೆ ಅದೇ ಕಾರಲ್ಲಿ ಕೆಲಸಕ್ಕೆ, ವಾರದ ಕೊನೆಗೆ ಅದೇ ಕಾರಲ್ಲಿ ರೇಸಿಗೆ.

ರೇಸ್ ಎಲ್ಲಿ? ಊರಿಂದ ದೂರದ ಒಣ ಕೆರೆಗಳ ಬಯಲಿತ್ತು. ಆದ್ರೆ ಅಷ್ಟು ದೂರ ಹೋಗೋಕೆ ಎಲ್ಲರಿಗೂ ಆಗ್ತಿರಲಿಲ್ಲ. ಹಾಗಾಗಿ ರಾತ್ರಿ ಹೊತ್ತು ಊರಿನ ರಸ್ತೆಗಳಲ್ಲೇ, ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ವರೆಗೆ. ಜನ ಸಾಯ್ತಿದ್ರು. ಪತ್ರಿಕೆಗಳು ಹಾಟ್ ರಾಡ್ ಹುಡುಗರನ್ನ ರೌಡಿಗಳ ಹಾಗೆ ಬರೀತಿದ್ವು. ನಮ್ಮಲ್ಲಿ ವೀಲಿಂಗ್ ಹುಡುಗರ ಬಗ್ಗೆ ಸುದ್ದಿ ಬರುತ್ತಲ್ಲ, ಹೆಚ್ಚು ಕಮ್ಮಿ ಹಾಗೇ.

ಇದಕ್ಕೆ ಪೊಲೀಸ್ ಲಾಠಿ ಒಂದೇ ಪರಿಹಾರ ಅಲ್ಲ, ಓಡಿಸೋಕೆ ಒಂದು ಜಾಗ ಕೊಡಿ ಅಂತ ವಾದ ಮಾಡಿದ ಜನಾನೂ ಇದ್ರು. ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಶುರು ಮಾಡಿದ. ನೇರ ಪಟ್ಟಿ, ಕಾಲು ಮೈಲಿ, ಅಂದ್ರೆ 402 ಮೀಟರ್. ನಿಂತ ಜಾಗದಿಂದ ಎರಡು ಕಾರು ಹೊರಡಬೇಕು, ಮೊದಲು ಮುಟ್ಟಿದವನು ಗೆದ್ದ. ಇಷ್ಟೇ ಆಟ. ತಿರುವಿಲ್ಲ, ಲ್ಯಾಪ್ ಇಲ್ಲ.

ಗಾಡಿಯ ಮೂಕಿ ಎತ್ತೋ ವಿದ್ಯೆ

ಆಟ ಸುಲಭ ಅನ್ಸುತ್ತೆ, ಆದ್ರೆ ಫಸ್ಟ್ ಇಯರ್ ಫಿಸಿಕ್ಸ್ ಇಲ್ಲಿ ಅಡ್ಡ ಬರುತ್ತೆ. ಇಂಜಿನ್ ಎಷ್ಟೇ ಶಕ್ತಿ ಕೊಟ್ರೂ ಅದನ್ನ ರಸ್ತೆಗೆ ತಲುಪಿಸೋದು ಟೈರ್. ಟೈರ್ ಹಿಡಿಯೋ ಬಲ ಅಂದ್ರೆ ಘರ್ಷಣೆ ಗುಣಾಂಕ ಗುಣಿಸು ಅದರ ಮೇಲಿರೋ ಭಾರ. ಅದಕ್ಕಿಂತ ಜಾಸ್ತಿ ಒತ್ತಿದ್ರೆ ಚಕ್ರ ಹೊಗೆ ಬಿಟ್ಕೊಂಡು ನಿಂತಲ್ಲೇ ಸುತ್ತುತ್ತೆ, ಕಾರು ಹೋಗಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಹಿಂದಿನ ಚಕ್ರಗಳಿಂದ ಓಡೋ 1000 ಕೆಜಿ ಕಾರು, ಘರ್ಷಣೆ ಗುಣಾಂಕ 1 ಅಂತಿರಲಿ, ಇಂಜಿನ್ ಶಕ್ತಿ ಬೇಕಾದಷ್ಟಿದೆ ಅಂತಿರಲಿ. ಅರ್ಧ ತೂಕ ಹಿಂದಿನ ಚಕ್ರದ ಮೇಲಿದ್ರೆ ವೇಗೋತ್ಕರ್ಷ ಗುರುತ್ವದ ಅರ್ಧ. 402 ಮೀಟರ್‌ಗೆ ಸುಮಾರು 12.8 ಸೆಕೆಂಡ್ ಬೇಕು. ಅದೇ ಕಾರು, ಅದೇ ಇಂಜಿನ್, 70 ಪರ್ಸೆಂಟ್ ತೂಕ ಹಿಂದಕ್ಕೆ ತಳ್ಳಿದ್ರೆ 10.8 ಸೆಕೆಂಡ್. ಇಂಜಿನ್ ಮುಟ್ಟದೇ ಎರಡು ಸೆಕೆಂಡ್ ಉಳೀತು!

ಮಿಕಿ ಇದನ್ನ ಗ್ಯಾರೇಜ್‌ನಲ್ಲೇ ಕಂಡುಕೊಂಡಿದ್ದ. 1954ರ ಹೊತ್ತಿಗೆ ಅವನು ಮಾಡಿದ ಕಾರಲ್ಲಿ ಡ್ರೈವರ್ ಕೂರೋ ಜಾಗ ಹಿಂದಿನ ಆಕ್ಸಲ್‌ಗಿಂತ ಹಿಂದೆ, ಬಾಲದ ತುದಿಯಲ್ಲಿ. ಇಂಜಿನ್ ಕೂಡ ಹಿಂದಕ್ಕೆ ಸರಿಸಿದ. ಡ್ರೈವರ್‌ನ ತೂಕವೂ ಟೈರ್ ಒತ್ತೋ ಕೆಲಸ ಮಾಡ್ತು. ನೋಡೋಕೆ ಕವಣೆಯಲ್ಲಿ ಕಲ್ಲು ಇಟ್ಟು ಎಳೆದ ಹಾಗೆ ಇತ್ತು, ಅದಕ್ಕೇ ಇಂಥ ಕಾರಿಗೆ ಸ್ಲಿಂಗ್‌ಶಾಟ್ ಅಂತ ಹೆಸರು ಬಂತು. ನಮ್ಮ ಅಜ್ಜನ ಊರಲ್ಲಿ ಎತ್ತಿನ ಗಾಡಿಗೆ ಹಿಂದೆ ಹೆಚ್ಚು ಭಾರ ಹೇರಿದ್ರೆ ಮೂಕಿ ಮೇಲಕ್ಕೆ ಏಳುತ್ತೆ. ಅಲ್ಲಿ ಅದು ತಪ್ಪು, ಇಲ್ಲಿ ಅದೇ ಬೇಕಾಗಿದ್ದು. ಮುಂದಿನ ಚಕ್ರ ಹಗುರಾದಷ್ಟೂ ಹಿಂದಿನ ಚಕ್ರಕ್ಕೆ ಹಿಡಿತ. ಮುಂದಿನ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಡ್ರ್ಯಾಗ್ ಕಾರುಗಳು ಇದೇ ರೂಪದಲ್ಲಿ ಓಡಿದ್ವು.

ಲಯನ್ಸ್ ಪಟ್ಟಿ

ನನಗೆ ಈ ಮನುಷ್ಯನ ಜೀವನದಲ್ಲಿ ತುಂಬಾ ಇಷ್ಟ ಆಗಿದ್ದು ಮುಂದಿನ ಭಾಗ. 1955ರಲ್ಲಿ ಲಾಸ್ ಏಂಜಲಿಸ್ ಬಂದರಿನ ಹತ್ತಿರ ವಿಲ್ಮಿಂಗ್ಟನ್‌ನಲ್ಲಿ ಒಂದು ಡ್ರ್ಯಾಗ್ ಪಟ್ಟಿ ಶುರುವಾಯ್ತು. ದುಡ್ಡು ಹಾಕಿದ್ದು ಅಲ್ಲಿನ ಲಯನ್ಸ್ ಕ್ಲಬ್‌ಗಳು. ಹೌದು, ನಮ್ಮೂರಲ್ಲಿ ಕಣ್ಣಿನ ಕ್ಯಾಂಪ್ ಮಾಡೋ ಅದೇ ಲಯನ್ಸ್ ಕ್ಲಬ್. ಉದ್ದೇಶ ಒಂದೇ, ಹುಡುಗರನ್ನ ರಸ್ತೆಯಿಂದ ಎತ್ತಿ ಪಟ್ಟಿಗೆ ತರೋದು. ಅದನ್ನ ನೋಡ್ಕೊಳ್ಳೋಕೆ ಮಿಕಿಯನ್ನ ಮ್ಯಾನೇಜರ್ ಮಾಡಿದ್ರು. ಆಗ ಅವನಿಗೆ 26 ವರ್ಷ. ನಮ್ಮ ಅಣ್ಣನಿಗಿಂತ ನಾಲ್ಕೈದು ವರ್ಷ ದೊಡ್ಡವನು ಅಷ್ಟೇ.

ಇಲ್ಲಿ ದೊಡ್ಡ ರೇಸರ್‌ಗಳ ಜೊತೆ ಯಾರು ಬೇಕಾದ್ರೂ ತಮ್ಮ ಮಾಮೂಲಿ ಕಾರು ತಂದು ಓಡಿಸಬಹುದಿತ್ತು. ತೂಕ, ಇಂಜಿನ್ ನೋಡಿ ಬೇರೆ ಬೇರೆ ಕ್ಲಾಸ್. ಹಾಗಾಗಿ ಕೆಲಸಕ್ಕೆ ಹೋಗೋ ಕಾರಿಗೂ ಅದರ ಜೋಡಿ ಸಿಗ್ತಿತ್ತು. ಸಮುದ್ರದ ಮಟ್ಟಕ್ಕೆ ಹತ್ತಿರ ಇದ್ದ ಜಾಗ, ರಾತ್ರಿ ತಂಪು ಗಾಳಿ. ದಟ್ಟ ಗಾಳಿ ಅಂದ್ರೆ ಸಿಲಿಂಡರ್‌ಗೆ ಹೆಚ್ಚು ಆಮ್ಲಜನಕ, ಹೆಚ್ಚು ಶಕ್ತಿ. ಅದಕ್ಕೇ ಲಯನ್ಸ್‌ನಲ್ಲಿ ಒಳ್ಳೆ ಟೈಮ್ ಬರುತ್ತೆ ಅಂತ ಹೆಸರಾಯ್ತು.

ಪಟ್ಟಿಗೂ ರಸ್ತೆಗೂ ಇರೋ ವ್ಯತ್ಯಾಸ ಬರೀ ಡಾಂಬರಿನದಲ್ಲ. ಪಟ್ಟಿಗೆ ಇಳಿಯೋ ಮುಂಚೆ ಕಾರಿನ ತಪಾಸಣೆ ಆಗುತ್ತೆ. ಬ್ರೇಕ್ ಹಿಡಿಯುತ್ತಾ? ಸ್ಟೀರಿಂಗ್‌ನಲ್ಲಿ ಆಟ ಇದ್ಯಾ? ಬೆಲ್ಟ್, ಹೆಲ್ಮೆಟ್ ಇದ್ಯಾ? ಪಲ್ಟಿ ಆದ್ರೆ ತಲೆ ಕಾಯೋ ರೋಲ್ ಬಾರ್ ಇದ್ಯಾ? ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ: ಜೋರಾಗಿ ಸುತ್ತೋ ಕ್ಲಚ್ ಮತ್ತು ಫ್ಲೈವೀಲ್ ಒಡೆದ್ರೆ ಚೂರುಗಳು ಗುಂಡಿನ ಹಾಗೆ ಡ್ರೈವರ್ ಕಾಲಿಗೆ ಬಡಿಯುತ್ತೆ. ಅದಕ್ಕೆ ಸುತ್ತ ದಪ್ಪ ಉಕ್ಕಿನ ಕವಚ ಹಾಕ್ತಾರೆ. ಆಮೇಲೆ ಗೆರೆ ದಾಟಿದ ಮೇಲೂ ನಿಲ್ಲಿಸೋಕೆ ಉದ್ದಕ್ಕೆ ಖಾಲಿ ಜಾಗ ಬೇಕು. ರಿಂಗ್ ರೋಡಲ್ಲಿ 402ನೇ ಮೀಟರ್ ಆದ್ಮೇಲೆ ಏನಿರುತ್ತೆ ಅಂತ ಯಾರಿಗೆ ಗೊತ್ತು, ಹಂಪ್ ಇರಬಹುದು, ಹಸು ಇರಬಹುದು, ಕೆಲಸ ಮುಗಿಸಿ ಮನೆಗೆ ಹೋಗ್ತಿರೋ ಯಾರೋ ಇರಬಹುದು.

ಲಯನ್ಸ್ ಪಟ್ಟಿ 1972ರವರೆಗೆ ನಡೀತು. ಸುತ್ತ ಮನೆಗಳಾಗಿ, ಸದ್ದಿನ ದೂರು ಹೆಚ್ಚಾಗಿ ಮುಚ್ಚಿದ್ರು.

ನಾಲ್ಕು ಇಂಜಿನ್, ಒಂದು ಓಟ

ಮಿಕಿಗೆ ಕಾಲು ಮೈಲಿ ಸಾಲಲಿಲ್ಲ. ಯೂಟಾ ರಾಜ್ಯದ ಬಾನ್‌ವಿಲ್ ಅನ್ನೋ ಜಾಗದಲ್ಲಿ ಮೈಲಿಗಟ್ಟಲೆ ಚಪ್ಪಟೆ ಉಪ್ಪಿನ ಬಯಲಿದೆ. ನೆಲದ ಮೇಲಿನ ವೇಗದ ಎಷ್ಟೋ ದಾಖಲೆಗಳು ಅಲ್ಲೇ ಆಗಿದ್ದು. ಇಂಗ್ಲೆಂಡಿನ ಜಾನ್ ಕಾಬ್ 1947ರಲ್ಲಿ ಗಂಟೆಗೆ 394 ಮೈಲಿ, ಅಂದ್ರೆ 634 ಕಿಮೀ ವೇಗದ ದಾಖಲೆ ಇಟ್ಟಿದ್ದ. ಅವನ ಕಾರಲ್ಲಿ ಎರಡು ವಿಮಾನದ ಇಂಜಿನ್ ಇದ್ವು. ಮಿಕಿ ಹತ್ರ ವಿಮಾನದ ಇಂಜಿನ್ ಎಲ್ಲಿಂದ ಬರಬೇಕು? ಅವನು ಹೋಗಿದ್ದು ರಸ್ತೆ ಕಾರಿನ ಇಂಜಿನ್‌ಗೇ. ಪಾಂಟಿಯಾಕ್ ಕಾರಿನ ವಿ8 ಇಂಜಿನ್, ಒಂದಲ್ಲ, ನಾಲ್ಕು. ಒಟ್ಟು 32 ಸಿಲಿಂಡರ್. ಎರಡು ಇಂಜಿನ್ ಮುಂದಿನ ಚಕ್ರಕ್ಕೆ, ಎರಡು ಹಿಂದಿನ ಚಕ್ರಕ್ಕೆ. ಪ್ರತಿ ಇಂಜಿನ್‌ಗೂ ಅದರದೇ ಗೇರ್‌ಬಾಕ್ಸ್, ಅದೂ ಹಳೇ ಕಾರುಗಳದ್ದು. ಹೆಸರು ಚಾಲೆಂಜರ್ 1.

ಪ್ರಾಜೆಕ್ಟ್‌ಗೆ ಒಂದು ಮೋಟರ್ ಒಂದು ಕಂಟ್ರೋಲರ್ ಜೋಡಿಸೋಕೇ ನಮಗೆ ಒಂದು ಸೆಮಿಸ್ಟರ್ ಬೇಕು. ನಾಲ್ಕು ಇಂಜಿನ್, ನಾಲ್ಕು ಕ್ಲಚ್ ಒಟ್ಟಿಗೆ ಕೆಲಸ ಮಾಡೋ ಹಾಗೆ ಮಾಡೋದು ಅಂದ್ರೆ ಯೋಚನೆ ಮಾಡಿ, ಅದೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ. ಟೈರ್ ಇನ್ನೊಂದು ತಲೆನೋವು. ಟೈರನ್ನ ಹೊರಕ್ಕೆ ಎಳೆಯೋ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಗಂಟೆಗೆ 100 ಕಿಮೀ ಇದ್ದಿದ್ದು 650 ಆದ್ರೆ ವೇಗ ಆರೂವರೆ ಪಟ್ಟು, ಆ ಬಲ ಮಾತ್ರ 42 ಪಟ್ಟು. ಗುಡ್‌ಇಯರ್ ಇದಕ್ಕೆ ಅಂತಲೇ ವಿಶೇಷ ಟೈರ್ ಮಾಡಿಕೊಟ್ಟಿತು. 1959ರಲ್ಲಿ ಕಾರು 300 ಮೈಲಿ ದಾಟಿತು. ಮುಂದಿನ ವರ್ಷಕ್ಕೆ ಇಂಜಿನ್‌ಗಳಿಗೆ ಸೂಪರ್‌ಚಾರ್ಜರ್ ಕೂರಿಸಿದ. ಗಾಳಿಯ ವಿರುದ್ಧ ಬೇಕಾಗೋ ಶಕ್ತಿ ವೇಗದ ಘನಕ್ಕೆ ಏರುತ್ತೆ, ಹಾಗಾಗಿ ಕೊನೆಯ ಕೆಲವು ಮೈಲಿಗಳೇ ಎಲ್ಲಕ್ಕಿಂತ ದುಬಾರಿ.

1960ರ ಬೇಸಿಗೆಯಲ್ಲಿ ಅದೇ ಉಪ್ಪಿನ ಮೇಲೆ ಆಥೋಲ್ ಗ್ರಹಾಂ ಅನ್ನೋ ಇನ್ನೊಬ್ಬ ಹವ್ಯಾಸಿ ತಾನೇ ಕಟ್ಟಿದ ಕಾರಲ್ಲಿ ಸತ್ತುಹೋದ. ಅದಾಗಿ ಆರು ವಾರವೂ ಆಗಿರಲಿಲ್ಲ. ಸೆಪ್ಟೆಂಬರ್ 9ರಂದು ಮಿಕಿ ಹೊರಟ. ಗಂಟೆಗೆ 406.60 ಮೈಲಿ. ಕಿಲೋಮೀಟರ್ ಲೆಕ್ಕದಲ್ಲಿ 654. ಡ್ರ್ಯಾಗ್ ಪಟ್ಟಿಯ ಆ ಕಾಲು ಮೈಲಿಯನ್ನ ಆ ವೇಗದಲ್ಲಿ 2.2 ಸೆಕೆಂಡ್‌ನಲ್ಲಿ ದಾಟಬಹುದು.

ಆದ್ರೆ ನಿಯಮ ಏನಂದ್ರೆ, ಒಂದು ಕಡೆ ಹೋದ್ರೆ ದಾಖಲೆ ಅಲ್ಲ. ಒಂದು ಗಂಟೆ ಒಳಗೆ ವಾಪಸ್ ಅದೇ ದಾರೀಲಿ ಬರಬೇಕು, ಎರಡರ ಸರಾಸರಿ ಲೆಕ್ಕ. ಒಂದೇ ದಿಕ್ಕಾದ್ರೆ ಗಾಳಿ ತಳ್ಳಿರಬಹುದು, ಇಳಿಜಾರು ಇರಬಹುದು. ವಾಪಸ್ ಬರೋ ಓಟದಲ್ಲಿ ಚಾಲೆಂಜರ್‌ನ ಡ್ರೈವ್ ಶಾಫ್ಟ್ ಮುರೀತು. ಇಂಜಿನ್ ನಾಲ್ಕೂ ಇದ್ವು, ಧೈರ್ಯ ಇತ್ತು, ಆದ್ರೆ ಒಂದು ಶಾಫ್ಟ್ ಕೈಕೊಡ್ತು. ಕಾಬ್‌ನ ದಾಖಲೆ ಹಾಗೇ ಉಳೀತು. ಅಲ್ಲಿವರೆಗೆ ಜಗತ್ತಿನಲ್ಲಿ ಚಕ್ರದ ಮೇಲೆ ಅಷ್ಟು ಜೋರಾಗಿ ಹೋದವನು ಅವನೇ, ದಾಖಲೆ ಪುಸ್ತಕದಲ್ಲಿ ಮಾತ್ರ ಅವನಿಲ್ಲ.

ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾವೆಲ್ಲ ಟಾಪ್ ಸ್ಪೀಡ್ ಬಗ್ಗೆ ಮಾತಾಡ್ತೀವಿ. ಇಂಜಿನಿಯರಿಂಗ್ ಇರೋದು ವಾಪಸ್ ಬರೋ ಓಟದಲ್ಲಿ.

ಬೇರೆಯವರು ಕೂತ ಕಾರು

ಅವನ ಕಥೆಯಲ್ಲಿ ಹೊಗಳೋ ಭಾಗ ಮಾತ್ರ ಹೇಳಿದ್ರೆ ಮೋಸ ಆಗುತ್ತೆ. 1962ರಲ್ಲಿ ಮಿಕಿ ಇಂಡಿಯಾನಾಪೊಲಿಸ್ 500 ರೇಸಿಗೆ ಕಾರು ತಂದ. ಅಲ್ಲಿ ಎಲ್ಲರ ಇಂಜಿನ್ ಮುಂದೆ, ಇವನದ್ದು ಹಿಂದೆ. ಅದೂ ಬ್ಯೂಕ್ ರಸ್ತೆ ಕಾರಿನ ಇಂಜಿನ್ ಆಧಾರದ್ದು. ಡ್ಯಾನ್ ಗರ್ನಿ ಓಡಿಸಿದ, ಎಂಟನೇ ಜಾಗದಿಂದ ಹೊರಟು, ಗೇರ್ ತೊಂದರೆಯಿಂದ ಮಧ್ಯದಲ್ಲೇ ನಿಂತ. ಮುಂದಿನ ವರ್ಷ 12 ಇಂಚಿನ ಸಣ್ಣ ಚಕ್ರದ, ಅಗಲ ಟೈರಿನ ತಗ್ಗು ಕಾರು ತಂದ. ಎಲ್ಲರೂ ಕಣ್ಣರಳಿಸಿ ನೋಡಿದ್ರು.

1964ಕ್ಕೆ ನಿಯಮ ಬದಲಾಯ್ತು, ದೊಡ್ಡ ಚಕ್ರ ಹಾಕಲೇಬೇಕು ಅಂತ. ಸಣ್ಣ ಚಕ್ರಕ್ಕೆ ಅಂತ ಯೋಚಿಸಿದ್ದ ವಿನ್ಯಾಸವನ್ನ ದೊಡ್ಡ ಚಕ್ರಕ್ಕೆ ಹೊಂದಿಸಿದ್ರು. ಪ್ರಾಕ್ಟೀಸ್‌ನಲ್ಲೇ ಅನುಭವಿ ಡ್ರೈವರ್ ಮಾಸ್ಟನ್ ಗ್ರೆಗರಿ, ಕಾರು ಹಿಡಿತಕ್ಕೆ ಸಿಗಲ್ಲ ಅಂತ ತಂಡ ಬಿಟ್ಟು ಹೋದ. ಡೇವ್ ಮ್ಯಾಕ್‌ಡೊನಾಲ್ಡ್ ಅನ್ನೋ 27 ವರ್ಷದ ಹುಡುಗ ಓಡಿಸೋಕೆ ಉಳಿದ. ಮೇ 30, ಎರಡನೇ ಲ್ಯಾಪ್. ಅವನ ಕಾರು ಹಿಡಿತ ತಪ್ಪಿ ಗೋಡೆಗೆ ಬಡಿದು, ಪೆಟ್ರೋಲ್ ಹೊತ್ಕೊಂಡು, ಉರೀತಾ ಮತ್ತೆ ಟ್ರ್ಯಾಕ್ ಮಧ್ಯಕ್ಕೆ ಬಂತು. ಹಿಂದೆ ಬರ್ತಿದ್ದ ಎಡ್ಡಿ ಸ್ಯಾಕ್ಸ್ ಅದಕ್ಕೇ ಗುದ್ದಿದ. ಇಬ್ಬರೂ ಸತ್ತರು. ರೇಸನ್ನೇ ನಿಲ್ಲಿಸಿದ್ರು. ಆಮೇಲೆ ಇಂಧನ ಟ್ಯಾಂಕಿನ ನಿಯಮಗಳು ಬಿಗಿಯಾದ್ವು.

ಕಾರಣ ಇದೇ ಅಂತ ಒಂದೇ ಬೆರಳು ತೋರಿಸೋದು ಸುಲಭ ಅಲ್ಲ, ಇವತ್ತಿಗೂ ವಾದ ಇದೆ. ಆದ್ರೆ ನನಗೆ ಅನ್ಸೋದು ಇಷ್ಟು. ಬಾನ್‌ವಿಲ್‌ನಲ್ಲಿ ಮಿಕಿ ತನ್ನ ಕಾರಲ್ಲಿ ತಾನೇ ಕೂತಿದ್ದ, ಶಾಫ್ಟ್ ಮುರಿದ್ರೆ ಹೋಗೋದು ಅವನದೇ ಜೀವ. ಇಲ್ಲಿ ಕೂತಿದ್ದು ಬೇರೆಯವರು. ಓಡಿಸಿ ನೋಡಿದವನು ಕಾರು ಸರಿ ಇಲ್ಲ ಅಂದಾಗ ನಿಲ್ಲಿಸೋದು ಮುಖ್ಯವೋ, ರೇಸ್ ದಿನಾಂಕ ಮುಖ್ಯವೋ? ನಾವು ನಾಳೆ ಯಾವುದೋ ಕಂಪನಿಯಲ್ಲಿ ಕಾರು, ಲಿಫ್ಟ್, ಸೇತುವೆ ಅಥವಾ ಕೋಡ್ ಮಾಡಿದಾಗಲೂ ಅದರಲ್ಲಿ ಕೂರೋದು ಬೇರೆಯವರೇ.

ಮಗ ಮುಗಿಸಿದ ಓಟ

ಮಿಕಿ ಅಲ್ಲಿಗೆ ನಿಲ್ಲಲಿಲ್ಲ. 1963ರಲ್ಲಿ ಶುರು ಮಾಡಿದ ಟೈರ್ ಕಂಪನಿ ಬೆಳೀತು. 1973ರಲ್ಲಿ ಸ್ಕೋರ್ ಅನ್ನೋ ಆಫ್‌ರೋಡ್ ರೇಸ್ ಸಂಸ್ಥೆ ಕಟ್ಟಿದ. ಮೆಕ್ಸಿಕೋದ ಬಾಹಾ ಮರುಭೂಮಿಯ ಹೆಸರಾಂತ ರೇಸ್‌ಗಳನ್ನ ನಡೆಸೋದು ಅದೇ ಸಂಸ್ಥೆ. ನಮ್ಮ ಕಾಲೇಜಿನ ಬಾಹಾ ಟೀಮ್‌ನವರೇ, ನಿಮ್ಮ ಸ್ಪರ್ಧೆಯ ಹೆಸರು ಆ ಮರುಭೂಮಿಯಿಂದಲೇ ಬಂದಿದ್ದು. ಆಮೇಲೆ ಸ್ಟೇಡಿಯಂ ಒಳಗೆ ಮಣ್ಣು ತುಂಬಿಸಿ ಆಫ್‌ರೋಡ್ ರೇಸ್ ಮಾಡಿ, ಮರುಭೂಮಿಯ ಆಟವನ್ನ ಊರಿಗೇ ತಂದ.

ಆ ವಾಪಸ್ ಓಟ ಮಾತ್ರ ಅವನ ತಲೆಯಿಂದ ಹೋಗಿರಲಿಲ್ಲ. 1968ರಲ್ಲಿ ಚಾಲೆಂಜರ್ 2 ಕಟ್ಟಿದ, ಈ ಸಲ ಎರಡು ಇಂಜಿನ್. ಮಳೆ ಬಂದು ಉಪ್ಪಿನ ಬಯಲಲ್ಲಿ ನೀರು ನಿಂತಿತು. ಪ್ರಾಯೋಜಕರು ಹಿಂದೆ ಸರಿದ್ರು. ಕಾರು ಮೂಲೆ ಸೇರಿತು. ಇಪ್ಪತ್ತು ವರ್ಷ ಆದ್ಮೇಲೆ ಮಗ ಡ್ಯಾನಿ ಜೊತೆ ಸೇರಿ ಅದನ್ನ ಮತ್ತೆ ಓಡಿಸೋ ಯೋಚನೆ ಬಂತು. ಅಷ್ಟರಲ್ಲಿ, 1988ರ ಮಾರ್ಚ್ 16ರ ಬೆಳಗ್ಗೆ, ಬ್ರಾಡ್‌ಬರಿಯ ಮನೆ ಮುಂದೆ ಮಿಕಿ ಮತ್ತು ಹೆಂಡತಿ ಟ್ರೂಡಿಯನ್ನ ಗುಂಡಿಟ್ಟು ಕೊಂದ್ರು. ಗುಂಡು ಹಾರಿಸಿದ ಇಬ್ಬರು ಸೈಕಲ್‌ನಲ್ಲಿ ಹೋಗಿಬಿಟ್ರು, ಅವರು ಯಾರು ಅಂತ ಗೊತ್ತಾಗಲೇ ಇಲ್ಲ. ಮಿಕಿಯ ತಂಗಿ ಕಾಲೀನ್ ಕ್ಯಾಂಬೆಲ್ ನ್ಯಾಯಕ್ಕಾಗಿ ಬೆನ್ನು ಬಿಡದೆ ಹೋರಾಡಿದ್ರು. 2007ರಲ್ಲಿ ಹಳೇ ವ್ಯಾಪಾರದ ಪಾಲುದಾರ ಮೈಕೆಲ್ ಗುಡ್‌ವಿನ್ ಈ ಕೊಲೆ ಮಾಡಿಸಿದ ಅಂತ ಕೋರ್ಟ್ ತೀರ್ಮಾನ ಆಗಿ, ಜೀವಾವಧಿ ಶಿಕ್ಷೆ ಆಯ್ತು. ಜಗತ್ತಿನ ಅತಿ ವೇಗದ ಕಾರಲ್ಲಿ ಬದುಕಿ ಬಂದವನು ತನ್ನ ಮನೆ ಅಂಗಳದಲ್ಲಿ ಸತ್ತ.

ಡ್ಯಾನಿ ಎಷ್ಟೋ ವರ್ಷ ಆದ್ಮೇಲೆ ಅಪ್ಪನ ಚಾಲೆಂಜರ್ 2 ಹೊರಗೆ ತೆಗೆದ. ಅದೇ ಚಾಸಿ, ಹೊಸ ಇಂಜಿನ್‌ಗಳು, ಹೊಸ ಸುರಕ್ಷತಾ ಭಾಗಗಳು. 2018ರ ಆಗಸ್ಟ್‌ನಲ್ಲಿ, ಕಾರು ಕಟ್ಟಿ ಸರಿಯಾಗಿ 50 ವರ್ಷಕ್ಕೆ, ಅದೇ ಬಾನ್‌ವಿಲ್‌ನಲ್ಲಿ ಒಂದು ದಿನ ಒಂದು ಓಟ, ಮಾರನೇ ದಿನ ಇನ್ನೊಂದು. ಅಲ್ಲಿನ ನಿಯಮ ಹಾಗೆ. ಸರಾಸರಿ ಗಂಟೆಗೆ 448.757 ಮೈಲಿ, ಅಂದ್ರೆ 722 ಕಿಮೀ. ತನ್ನ ವರ್ಗದ ದಾಖಲೆ. ಎರಡನೇ ಓಟವೂ ಮುಗೀತು. ಶಾಫ್ಟ್ ಮುರೀಲಿಲ್ಲ.

ಶನಿವಾರ ಸಂಜೆ ಈ ಕಥೆಯನ್ನ ಅಣ್ಣನಿಗೆ ಮೆಸ್‌ನಲ್ಲಿ ಚಿತ್ರಾನ್ನ ತಿಂತಾ ಹೇಳಿದೆ. ಪೂರ್ತಿ ಕೇಳಿದ್ರು, ಏನೂ ಹೇಳಲಿಲ್ಲ. ರಾತ್ರಿ ಕಾರು ಹೊರಗೆ ಹೋಗಲಿಲ್ಲ. ಮುಂದಿನ ವಾರ ನೋಡಿದ್ರೆ ತಂದಿಟ್ಟಿದ್ದ ಹೊಸ ಅಲಾಯ್ ವೀಲ್ ಮಾರಿ, ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್ ತಂದಿದ್ರು. ಏರ್‌ಸ್ಟ್ರಿಪ್‌ನಲ್ಲಿ ಎಲ್ಲಾದ್ರೂ ಸರಿಯಾದ ಡ್ರ್ಯಾಗ್ ಮೀಟ್ ನಡೆದ್ರೆ ಹೋಗೋಣ, ನೀನೂ ಬಾ, ಟೈಮ್ ಬರ್ಕೊಳ್ಳೋಕೆ ಯಾರಾದ್ರೂ ಬೇಕು ಅಂದ್ರು.

ನಾನು ಹೋಗ್ತೀನಿ. ಟೈಮ್ ಎಷ್ಟೇ ಬರಲಿ, ವಾಪಸ್ ಬರೋವಾಗ ಅದೇ ಕಾರಲ್ಲಿ, ಇಬ್ಬರೂ, ಊಟದ ಹೊತ್ತಿಗೆ ಹಾಸ್ಟೆಲ್‌ನಲ್ಲಿರಬೇಕು.